ಜೂನ್ ಬಂದರೆ ಅಮ್ಮ ಮಲಗುವುದಿಲ್ಲ: ಮೈಯ ಮೂಲಕ ಮಾಡುವ ಆಘಾತ ಚಿಕಿತ್ಸೆ ನಂಬಬಹುದೇ?

ಪ್ರಶ್ನೆ: ನಮ್ಮದು ಕೊಡಗಿನ ಮಕ್ಕಂದೂರು ಕಡೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮನೆ, ಅರ್ಧ ತೋಟ ಹೋಯಿತು. ಅಮ್ಮ ರಾತ್ರಿ ಕತ್ತಲಲ್ಲಿ ಕಾಫಿ ಗಿಡ ಹಿಡಿದುಕೊಂಡು ನಡೆದು ಪಾರಾದರು. ಈಗ ಅವರಿಗೆ 61. ಪುನರ್ವಸತಿ ಬಡಾವಣೆಯ ಹೊಸ ಮನೆಯಲ್ಲಿದ್ದಾರೆ. ಬೇಸಿಗೆಯಲ್ಲಿ ಚೆನ್ನಾಗಿರುತ್ತಾರೆ. ಜೂನ್ ಬಂತೆಂದರೆ ರಾತ್ರಿಯೆಲ್ಲ ಬಾಗಿಲ ಹತ್ತಿರ ಬ್ಯಾಗ್ ಇಟ್ಟುಕೊಂಡು ಕೂತಿರುತ್ತಾರೆ. ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ಇಸಿಜಿ, ಎಕೋ ಎಲ್ಲ ನಾರ್ಮಲ್. ಕೌನ್ಸೆಲಿಂಗ್‌ಗೆ ಒಮ್ಮೆ ಕರೆದೊಯ್ದಾಗ ‘ಏನಿಲ್ಲ ಬಿಡಿ’ ಎಂದು ಎದ್ದು ಬಂದರು. ಈಗ ಮೈಸೂರಿನಲ್ಲಿ ಎರಡು ದಿನದ ಶಿಬಿರವೊಂದಿದೆ, ಮೈ ನಡುಗಿಸಿ ಒಳಗೆ ಕೂತ ಆಘಾತವನ್ನು ಹೊರಹಾಕುತ್ತಾರಂತೆ. ತಮ್ಮ ಪ್ರಾಣಾಯಾಮ ಸಾಕು ಎನ್ನುತ್ತಾನೆ. ಊರಿನ ಮೆಡಿಕಲ್ ಶಾಪಿನಿಂದ ಅಮ್ಮ ನಿದ್ದೆ ಮಾತ್ರೆಯನ್ನೂ ತರಿಸಿಕೊಳ್ಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಶಿಬಿರಕ್ಕೆ ಕಳಿಸಬೇಡಿ. ಹಾಗೆಂದು ಮೈಯ ಮೂಲಕ ಮಾಡುವ ಚಿಕಿತ್ಸೆಯನ್ನೇ ತಳ್ಳಿಹಾಕಲೂ ಬೇಡಿ. ಅದು ಬೇರೆ, ಇದು ಬೇರೆ. ನಿಮ್ಮ ಅಮ್ಮನಂಥವರಿಗೆ, ಅಂದರೆ ಮಾತಾಡಲು ಒಲ್ಲದ, ಆದರೆ ಎದೆ ಹೊಟ್ಟೆಗಳಲ್ಲೇ ಎಲ್ಲವನ್ನೂ ಅನುಭವಿಸುತ್ತಿರುವವರಿಗೆ, ಸರಿಯಾದ ಕೈಯಲ್ಲಿ ಅದು ಒಳ್ಳೆಯ ದಾರಿಯೇ.

ಅಮ್ಮ ಕೌನ್ಸೆಲಿಂಗ್‌ನಿಂದ ಎದ್ದು ಬಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಎದುರಿಗೆ ಕೂತ ಅಪರಿಚಿತರೊಬ್ಬರು ‘ಆ ರಾತ್ರಿ ಏನಾಯ್ತು ಹೇಳಿ’ ಎಂದರೆ ಯಾರಾದರೂ ಏಕೆ ಹೇಳಬೇಕು? ನಮ್ಮಲ್ಲಿಗೆ ಬರುವ ಹಳ್ಳಿಯ ಹೆಂಗಸರಲ್ಲಿ ‘ನನಗೆ ಭಯ’ ಎಂದು ಮಾತು ಶುರುಮಾಡುವವರು ಅಪರೂಪ. ಎದೆ ಧಸಕ್ ಅನ್ನುತ್ತೆ, ಕೈಕಾಲು ಸೋಲುತ್ತೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತೆ ಎನ್ನುತ್ತಾರೆ. ನಾವು ಇಸಿಜಿ ಬರೆದು, ನಾರ್ಮಲ್ ಎಂದು ಹೇಳಿ ಕಳಿಸುತ್ತೇವೆ. ಅವರ ಪಾಲಿಗೆ ಅದು ‘ನೀನು ಹೇಳುತ್ತಿರುವುದು ಸುಳ್ಳು’ ಎಂದ ಹಾಗೆ. ಸುಳ್ಳಲ್ಲ. ಹೃದಯದಲ್ಲಿ ದೋಷವಿಲ್ಲ, ಹೃದಯಕ್ಕೆ ಹೋಗುತ್ತಿರುವ ಆಜ್ಞೆಯಲ್ಲಿ ಇದೆ.

ಅಪಾಯ ಎದುರಾದಾಗ ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಎಂಬ ಪುಟ್ಟ ಭಾಗ, ನಾವು ಯೋಚಿಸುವ ಮೊದಲೇ ಎಚ್ಚರಿಕೆ ಕೊಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಏರುತ್ತದೆ, ಹೃದಯ ಜೋರಾಗುತ್ತದೆ, ರಕ್ತ ತೊಡೆ ತೋಳುಗಳ ಕಡೆ ಓಡುತ್ತದೆ, ಜೀರ್ಣದ ಕೆಲಸ ನಿಲ್ಲುತ್ತದೆ. ಓಡು, ಇಲ್ಲವೇ ಹೋರಾಡು. ಎರಡೂ ಆಗದಿದ್ದರೆ ಕಲ್ಲಿನಂತೆ ನಿಂತುಬಿಡು. ಆ ರಾತ್ರಿ ಅಮ್ಮನನ್ನು ಉಳಿಸಿದ್ದು ಇದೇ. ಬಹುಪಾಲು ಜನರಲ್ಲಿ ಕೆಲವು ತಿಂಗಳಲ್ಲಿ ಈ ವ್ಯವಸ್ಥೆ ತಣ್ಣಗಾಗುತ್ತದೆ. ಕೆಲವರಲ್ಲಿ ಆಗುವುದಿಲ್ಲ. ಆ ರಾತ್ರಿಯ ಜೊತೆ ಅಂಟಿಕೊಂಡ ಸಣ್ಣಪುಟ್ಟ ಸುಳಿವುಗಳೆಲ್ಲ ಅಪಾಯದ ಗುರುತಾಗಿ ಉಳಿದುಬಿಡುತ್ತವೆ: ಶೀಟಿನ ಮೇಲೆ ಬೀಳುವ ಮಳೆ, ಕರೆಂಟು ಹೋಗುವುದು, ಹಸಿ ಮಣ್ಣಿನ ವಾಸನೆ, ದೂರದಲ್ಲಿ ಜೆಸಿಬಿ ಗುಡುಗುವ ಸದ್ದು. ಕಳ್ಳನನ್ನು ಒಮ್ಮೆ ಹಿಡಿದ ನಾಯಿ ಆಮೇಲೆ ಪೋಸ್ಟ್‌ಮ್ಯಾನ್ ಬಂದರೂ ಬೊಗಳುತ್ತದಲ್ಲ, ಹಾಗೆ. ‘ಅಮ್ಮಾ, ಇದು ಹೊಸ ಮನೆ, ಇಲ್ಲಿ ಏನೂ ಆಗಲ್ಲ’ ಎಂದು ನೀವು ಎಷ್ಟು ಹೇಳಿದರೂ ಅವರಿಗೆ ನಾಟದಿರುವುದು ಇದಕ್ಕೇ. ಅವರಿಗೆ ಗೊತ್ತು. ಗೊತ್ತಿರುವ ಭಾಗಕ್ಕೂ ಬೊಗಳುವ ಭಾಗಕ್ಕೂ ಮಾತುಕತೆ ಕಡಿಮೆ.

ಮೈಯ ಮೂಲಕ ಮಾಡುವ ಚಿಕಿತ್ಸೆಗಳು ಹುಟ್ಟಿದ್ದು ಈ ಜಾಗದಲ್ಲಿ. ಅಮೆರಿಕದ ಪೀಟರ್ ಲೆವಿನ್ ರೂಪಿಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಇವುಗಳಲ್ಲಿ ಹೆಚ್ಚು ಹೆಸರಾದದ್ದು. ಕಥೆಯಿಂದ ಮೈಗೆ ಬರುವ ಬದಲು ಮೈಯಿಂದ ಶುರುಮಾಡಿ, ಕಥೆ ಬೇಕಾದರೆ ಬರಲಿ, ಬರದಿದ್ದರೂ ಸರಿ ಎನ್ನುವುದು ಇದರ ಹಾದಿ. ಆದರೆ ಆಘಾತ ಮೈಯಲ್ಲಿ ಗಂಟಾಗಿ ಕೂತಿದೆ, ನಡುಗಿಸಿ ಉದುರಿಸಬಹುದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತೊಡೆಯ ಸ್ನಾಯುವಿನಲ್ಲಿ ನೆನಪು ಇರುವುದಿಲ್ಲ. ನೆನಪಿರುವುದು ಮಿದುಳಿನಲ್ಲಿ. ಅದು ಎದ್ದಾಗಲೆಲ್ಲ ನಾಟಕ ನಡೆಯುವುದು ಮೈಯ ರಂಗದ ಮೇಲೆ, ಅಷ್ಟೆ. ಆ ರಂಗದ ಮೇಲೆ ಏನಾಗುತ್ತಿದೆ ಎಂದು ಹೆದರದೆ ನೋಡಲು ಕಲಿತರೆ ಮಿದುಳು ಹೊಸ ಪಾಠ ಕಲಿಯುತ್ತದೆ.

ಒಂದು ಭೇಟಿ ಹೇಗಿರುತ್ತದೆ ನೋಡೋಣ. ನಿಮ್ಮ ಅಮ್ಮ ಬಂದು ಕೂತರು ಅಂದುಕೊಳ್ಳಿ. ಒಳ್ಳೆಯ ಚಿಕಿತ್ಸಕರು 2018 ಎಂಬ ಮಾತನ್ನೇ ಎತ್ತುವುದಿಲ್ಲ. ಕುರ್ಚಿ ಸರಿಯಾಗಿದೆಯಾ, ಬಾಗಿಲು ಕಾಣುವ ಹಾಗೆ ಕೂರುತ್ತೀರಾ ಎಂದು ಕೇಳುತ್ತಾರೆ. ಕೋಣೆಯನ್ನು ನಿಧಾನವಾಗಿ ಒಂದು ಸುತ್ತು ನೋಡಿ ಎನ್ನುತ್ತಾರೆ, ಕುತ್ತಿಗೆ ತಿರುಗಿಸಿ ನೋಡುವುದೇ ಅರ್ಧ ಕೆಲಸ. ಪಾದ ನೆಲಕ್ಕೆ ಊರಿ, ಬೆನ್ನನ್ನು ಕುರ್ಚಿಗೆ ಬಿಟ್ಟು, ಈಗ ಮೈಯಲ್ಲಿ ಎಲ್ಲಿ ಸ್ವಲ್ಪ ಹಾಯೆನಿಸುತ್ತಿದೆ ಎಂದು ಕೇಳುತ್ತಾರೆ. ಅಮ್ಮ ‘ಎಲ್ಲೂ ಇಲ್ಲ’ ಎನ್ನಬಹುದು. ‘ಕೈ ಬೆಚ್ಚಗಿದೆಯಾ, ತಣ್ಣಗಿದೆಯಾ?’ ‘ಬೆಚ್ಚಗಿದೆ.’ ‘ಅಲ್ಲೇ ಸ್ವಲ್ಪ ಹೊತ್ತು ಇರೋಣ.’

ಆಮೇಲೆ, ಅದೂ ಮೊದಲ ಭೇಟಿಯಲ್ಲೇ ಆಗಬೇಕೆಂದಿಲ್ಲ, ತೊಂದರೆಯ ಚಿಕ್ಕದೊಂದು ತುಂಡನ್ನು ಮುಟ್ಟುತ್ತಾರೆ. ಗುಡ್ಡ ಜಾರಿದ ಕ್ಷಣವನ್ನಲ್ಲ. ಮೊನ್ನೆ ರಾತ್ರಿ ಮಳೆ ಶುರುವಾದಾಗ ಮೊದಲು ಎಲ್ಲಿ ಗೊತ್ತಾಯ್ತು? ‘ಇಲ್ಲಿ’ ಎಂದು ಅಮ್ಮ ಎದೆಯ ಮೇಲುಗಡೆ ಕೈಯಿಡುತ್ತಾರೆ. ಬಿಗಿಯೋ, ಭಾರವೋ, ಉರಿಯೋ? ಎಷ್ಟು ಅಗಲ? ಅದನ್ನು ನೋಡುತ್ತಿರುವಾಗ ಕಾಲುಗಳಿಗೆ ಏನಾದರೂ ಮಾಡಬೇಕೆನಿಸುತ್ತಿದೆಯಾ? ಬಹಳ ಸಲ ಇಲ್ಲಿ ಕಾಲು ತಾನಾಗಿಯೇ ಸಣ್ಣಗೆ ಅದುರುತ್ತದೆ, ಹಿಮ್ಮಡಿ ನೆಲವನ್ನು ಒತ್ತುತ್ತದೆ. ತಡೆಯಬೇಡಿ, ಜೋರು ಮಾಡಲೂ ಬೇಡಿ, ನಿಧಾನವಾಗಿ ಒತ್ತಿ ಎನ್ನುತ್ತಾರೆ. ಓಡಲು ಹೊರಟು ಓಡಲಾಗದೆ ನಿಂತ ಕಾಲಿಗೆ ಆ ಚಲನೆಯನ್ನು ಪೂರ್ತಿ ಮಾಡಲು ಬಿಡುವುದು ಎಂದು ಲೆವಿನ್ ಪಂಥದವರು ಇದನ್ನು ವಿವರಿಸುತ್ತಾರೆ. ವಿವರಣೆ ಸರಿಯೋ ತಪ್ಪೋ, ಒಂದೆರಡು ನಿಮಿಷದಲ್ಲಿ ದೊಡ್ಡ ಉಸಿರೊಂದು ತಾನಾಗಿ ಬರುವುದನ್ನು, ಮುಖಕ್ಕೆ ಬಣ್ಣ ಮರಳುವುದನ್ನು ನಾವೆಲ್ಲ ನೋಡಿದ್ದೇವೆ. ಎದೆಯ ಬಿಗಿತ ಏರತೊಡಗಿದರೆ ಮತ್ತೆ ಬೆಚ್ಚಗಿನ ಕೈಗೆ ವಾಪಸ್. ಹೀಗೆ ಆಚೆ ಈಚೆ ಓಡಾಡಿಸುತ್ತಲೇ, ಬಿಗಿತ ಬಂದರೂ ಅದು ಇಳಿದುಹೋಗುತ್ತದೆ ಎಂಬ ಅನುಭವವನ್ನು ಮೈಗೆ ಕಲಿಸುವುದು. ಅಳು ಬಂದರೆ ಬರಲಿ, ಆದರೆ ಅಳಿಸುವುದು ಗುರಿಯಲ್ಲ. ಭೇಟಿ ಮುಗಿದು ಹೊರಗೆ ಬಂದವರು ಬಸವಳಿದು ಬಿದ್ದುಹೋಗುವಂತಿದ್ದರೆ ಒಳಗೆ ಏನೋ ತಪ್ಪಾಗಿದೆ ಎಂದೇ ಅರ್ಥ.

ಕಣ್ಣುಗಳ ಚಲನೆ ಬಳಸುವ ಇಎಂಡಿಆರ್ ಎಂಬ ಚಿಕಿತ್ಸೆಯಲ್ಲೂ ಮೈಯನ್ನು ಗಮನಿಸುವ ಹಂತವಿದೆ. 1997ರಲ್ಲಿ ಮೆಕ್ಸಿಕೊದ ಅಕಾಪುಲ್ಕೊಗೆ ಪಾಲಿನ್ ಚಂಡಮಾರುತ ಅಪ್ಪಳಿಸಿದ ಮೇಲೆ, ಅಲ್ಲಿ ಬದುಕುಳಿದವರ ಜೊತೆ ಕೆಲಸ ಮಾಡುತ್ತಿದ್ದ ಲೂಸಿನಾ ಆರ್ಟಿಗಾಸ್ ಅದರಿಂದ ಸರಳವಾದೊಂದು ಉಪಾಯ ಕಂಡುಕೊಂಡರು. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಹಾಕಿ, ಚಿಟ್ಟೆ ರೆಕ್ಕೆ ಬಡಿದಂತೆ ಎಡ ಬಲ ಎಡ ಬಲ ಎಂದು ಭುಜದ ಕೆಳಗೆ ಮೆಲ್ಲಗೆ ತಟ್ಟಿಕೊಳ್ಳುವುದು. ಮಕ್ಕಳ ಗುಂಪುಗಳಲ್ಲಿ ಇದು ಲೋಕದ ಎಷ್ಟೋ ಕಡೆ ಬಳಕೆಯಲ್ಲಿದೆ. ಅಮ್ಮನಿಗೂ ಕಲಿಸಬಹುದು, ನಷ್ಟವೇನಿಲ್ಲ.

ಮೈಯ ಮೂಲಕ ಮಾಡುವ ಚಿಕಿತ್ಸೆಗೆ ಪುರಾವೆ ಎಷ್ಟಿದೆ ಎನ್ನುವುದನ್ನು ನೇರವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಶಿಬಿರದವರು ಹೇಳುವುದಿಲ್ಲ. 2004ರ ಸುನಾಮಿಯ ನಂತರ ದಕ್ಷಿಣ ಭಾರತದ ಕರಾವಳಿಯಲ್ಲಿ ಸುಮಾರು 150 ಸಂತ್ರಸ್ತರಿಗೆ 75 ನಿಮಿಷದ ಒಂದೇ ಭೇಟಿಯಲ್ಲಿ ಇಂಥ ಚಿಕಿತ್ಸೆ, ಜೊತೆಗೆ ತಮ್ಮನ್ನು ತಾವು ಶಾಂತಗೊಳಿಸಿಕೊಳ್ಳುವ ಪಾಠ ಕೊಡಲಾಯಿತು. 8 ತಿಂಗಳ ನಂತರ ಕೇಳಿದಾಗ 10ರಲ್ಲಿ 9 ಜನರಿಗೆ ಗಣನೀಯವಾಗಿ ಗುಣವಾಗಿತ್ತು. ಕೇಳಲು ಅದ್ಭುತ. ಆದರೆ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಇನ್ನೊಂದು ಗುಂಪು ಅಲ್ಲಿರಲಿಲ್ಲ. ವಿಪತ್ತಾದ ಮೇಲೆ 8 ತಿಂಗಳು ಕಳೆದರೆ ಏನೂ ಮಾಡದಿದ್ದರೂ ಅನೇಕರು ಸುಧಾರಿಸಿಕೊಳ್ಳುತ್ತಾರೆ, ಹಾಗಾಗಿ ಚಿಕಿತ್ಸೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಆ ಅಧ್ಯಯನದಿಂದ ತಿಳಿಯುವುದಿಲ್ಲ. ಸರಿಯಾಗಿ ಚೀಟಿ ಎತ್ತಿದಂತೆ ಗುಂಪು ಮಾಡಿ ನೋಡಿದ ಅಧ್ಯಯನ 2017ರಲ್ಲಿ ಇಸ್ರೇಲಿನಿಂದ ಬಂತು. 63 ಜನ, 15 ವಾರದ ಭೇಟಿಗಳು, ಚಿಕಿತ್ಸೆಗಾಗಿ ಕಾಯುತ್ತಿದ್ದ ಗುಂಪಿಗಿಂತ ಸ್ಪಷ್ಟ ಸುಧಾರಣೆ. ಅದು ನಿಜಕ್ಕೂ ಭರವಸೆ ಕೊಡುವ ಫಲಿತಾಂಶ, ಆದರೆ 63 ಜನ ಎಂದರೆ ಚಿಕ್ಕ ಸಂಖ್ಯೆ. ಅಲ್ಲಿ ಗುಣವಾದದ್ದು 15 ಭೇಟಿಗಳಲ್ಲಿ, ಎರಡು ದಿನದ ಶಿಬಿರದಲ್ಲಿ ಅಲ್ಲ ಎಂಬುದನ್ನೂ ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಆಘಾತೋತ್ತರ ತೊಂದರೆಗೆ ಶಿಫಾರಸು ಮಾಡಿದವುಗಳಲ್ಲಿ ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ ಎರಡೂ ಇವೆ. ಈ ಎರಡರ ಹಿಂದೆ ಇರುವಷ್ಟು ಗಟ್ಟಿ ಬೆಂಬಲ ಮೈಯ ಮೂಲಕ ಮಾಡುವ ಪದ್ಧತಿಗಳಿಗೆ ಇನ್ನೂ ಸಿಕ್ಕಿಲ್ಲ.

ಹಾಗಾದರೆ ನಾನೇಕೆ ಒಪ್ಪುತ್ತಿದ್ದೇನೆ? ಪುರಾವೆ ಎಷ್ಟೇ ಚೆನ್ನಾಗಿರಲಿ, ಅಮ್ಮ ಎದ್ದುಬರುವ ಚಿಕಿತ್ಸೆ ಅಮ್ಮನಿಗೆ ಕೆಲಸ ಮಾಡುವುದಿಲ್ಲ. ಮೈಯಿಂದ ಶುರುಮಾಡಿ, ಒಂದಿಷ್ಟು ಹಿಡಿತ ಬಂದ ಮೇಲೆ ಅಗತ್ಯವಿದ್ದರೆ ಇಎಂಡಿಆರ್ ಅಥವಾ ಸಿಬಿಟಿಗೆ ಹೋಗುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ. ಈ ಕ್ರಮವನ್ನು ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ. ನೇರವಾಗಿ ನೆನಪಿಗೇ ಕೈಹಾಕಬೇಕು, ತಯಾರಿಯ ಹೆಸರಲ್ಲಿ ಕಾಲ ಕಳೆಯಬಾರದು ಎನ್ನುವುದು ಅವರ ವಾದ. ತಿಂಗಳುಗಟ್ಟಲೆ ಬರೀ ‘ಮೈ ಗಮನಿಸಿ’ ಎಂದು ಕೂರಿಸುವ ಚಿಕಿತ್ಸಕರನ್ನು ಕಂಡಾಗ ಅವರ ಮಾತು ಸರಿಯೆನಿಸುತ್ತದೆ.

ಈಗ ಶಿಬಿರ. ನಡುಗಿಸುವ ವ್ಯಾಯಾಮಗಳಿಂದ ಆಘಾತ ಗುಣವಾಗುತ್ತದೆ ಎನ್ನಲು ಗಟ್ಟಿಯಾದ ಅಧ್ಯಯನಗಳಿಲ್ಲ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಗುಂಪಿನದು. ಮೂವತ್ತು ನಲವತ್ತು ಜನ ಒಂದೇ ಹಾಲ್‌ನಲ್ಲಿ, ಜೋರು ಸಂಗೀತ, ಕಣ್ಣು ಮುಚ್ಚಿ ಎಂಬ ಆಜ್ಞೆ, ಪಕ್ಕದವರ ಕಿರುಚಾಟ. ಮಣ್ಣು ಬೀಳುವ ಸದ್ದನ್ನು ಕತ್ತಲಲ್ಲಿ ಕೇಳಿದವರಿಗೆ ಇದು ಆ ರಾತ್ರಿಯ ಮರುಪ್ರದರ್ಶನವಾಗಬಹುದು. ಇಬ್ಬರು ತರಬೇತುದಾರರು ಅಷ್ಟು ಜನರಲ್ಲಿ ಯಾರ ಮುಖ ಬಿಳಿಚಿಕೊಂಡಿದೆ ಎಂದು ನೋಡುವುದಾದರೂ ಹೇಗೆ? ಭಾನುವಾರ ಸಂಜೆ ಶಿಬಿರ ಮುಗಿದು ಅವರು ಬೇರೆ ಊರಿಗೆ ಹೋದರೆ, ಸೋಮವಾರ ರಾತ್ರಿ ಅಮ್ಮನ ಪಕ್ಕದಲ್ಲಿರುವವರು ನೀವು. ಮಿದುಳಿನಿಂದ ಎದೆ ಹೊಟ್ಟೆಗಳಿಗೆ ಇಳಿಯುವ ವೇಗಸ್ ನರದ ಬಣ್ಣಬಣ್ಣದ ಚಿತ್ರ ತೋರಿಸಿದ ಮಾತ್ರಕ್ಕೆ ಅದು ವಿಜ್ಞಾನವಾಗುವುದಿಲ್ಲ. ಭಯ, ನೆಮ್ಮದಿಗಳನ್ನು ಈ ನರದ ಮೂಲಕ ವಿವರಿಸುವ, ಅಲ್ಲಿ ಹೇಳುವ ಪಾಲಿವೇಗಲ್ ಸಿದ್ಧಾಂತದ ಹಲವು ಅಂಶಗಳಿಗೆ ಶರೀರಶಾಸ್ತ್ರಜ್ಞರಲ್ಲೇ ತೀವ್ರ ತಕರಾರಿದೆ.

ತಮ್ಮ ಹೇಳಿದ್ದರಲ್ಲಿ ಹುರುಳಿದೆ. ಸುನಾಮಿಯ ನಂತರ ಅಂಡಮಾನಿನ 47 ಸಂತ್ರಸ್ತರಿಗೆ ಒಂದು ವಾರ ಯೋಗ ಹೇಳಿಕೊಟ್ಟು, ಭಯ ಆತಂಕ ದುಃಖ ಕಡಿಮೆಯಾದದ್ದನ್ನು ದಾಖಲಿಸಿದ್ದು ನಮ್ಮ ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಸಂಸ್ಥೆಯ ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು. ನಾಗಪಟ್ಟಿಣದ ನಿರಾಶ್ರಿತರ ಶಿಬಿರಗಳಲ್ಲಿ 183 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಉಸಿರಾಟದ ಅಭ್ಯಾಸ ಕಲಿತವರ ಆಘಾತದ ಲಕ್ಷಣಗಳು ಕಾಯುತ್ತಿದ್ದವರಿಗಿಂತ ಬಹಳ ಇಳಿದವು. ಅಲ್ಲಿಯೂ ಗುಂಪು ಮಾಡಿದ ರೀತಿ ಅಷ್ಟು ಬಿಗಿಯಾಗಿರಲಿಲ್ಲ, ಆದರೂ ಕಡೆಗಣಿಸುವಂಥದ್ದಲ್ಲ. ಆದ್ದರಿಂದ ಪ್ರಾಣಾಯಾಮ ಇರಲಿ, ಎರಡು ಎಚ್ಚರಗಳೊಂದಿಗೆ. ಕಣ್ಣು ತೆರೆದೇ ಮಾಡಲಿ. ಕೆಸರಿನಲ್ಲಿ, ನೀರಿನಲ್ಲಿ ಸಿಕ್ಕಿಕೊಂಡು ಉಸಿರುಗಟ್ಟಿದ ಅನುಭವ ಇರುವವರಿಗೆ ಕಣ್ಣು ಮುಚ್ಚಿ ಉಸಿರನ್ನೇ ಗಮನಿಸುವುದು ದಿಗಿಲು ಹುಟ್ಟಿಸಬಹುದು, ಅಂಥವರಿಗೆ ಪಾದ, ಅಂಗೈಗಳೇ ಕ್ಷೇಮ. ಇನ್ನೊಂದು, ‘ದೀರ್ಘವಾಗಿ ಉಸಿರು ತಗೋ’ ಎಂದು ಹೇಳಬೇಡಿ. ಗಾಬರಿಯಲ್ಲಿರುವವರು ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತಿರುತ್ತಾರೆ, ಇನ್ನಷ್ಟು ಎಳೆದರೆ ತಲೆಸುತ್ತು, ಬೆರಳು ಜೋಮು. ಬಿಡುವ ಉಸಿರು ಉದ್ದವಾಗಬೇಕು. ಭ್ರಾಮರಿಯಲ್ಲಿ ಗುಂಯ್‌ಗುಡುವಾಗ ಅದು ತಾನಾಗಿಯೇ ಆಗುತ್ತದೆ. ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕ ಸದ್ಯಕ್ಕೆ ಬೇಡ.

ಇಷ್ಟು ಹೇಳಿದ ಮೇಲೆ, ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ. ಆ ಹೊಸ ಮನೆ ನಿಜವಾಗಿ ಎಷ್ಟು ಸುರಕ್ಷಿತ? ಸುತ್ತಲ ಇಳಿಜಾರು ಹೇಗಿದೆ, ಹಿಂದೆ ಮಣ್ಣು ಕಡಿದಿದ್ದಾರೆಯೇ, ನೀರು ಹರಿದುಹೋಗುವ ಚರಂಡಿ ಇದೆಯೇ? ಕೊಡಗಿನಲ್ಲಿ ಗುಡ್ಡ ಜಾರುವುದು 2018ಕ್ಕೇ ಮುಗಿಯಲಿಲ್ಲ. 2019ರಲ್ಲಿ ತೋರ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಗಡಿಯಾಚೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದದ್ದು 2024ರ ಜುಲೈ 30ರ ನಸುಕಿನಲ್ಲಿ, ಜನ ಮಲಗಿದ್ದಾಗ. ಅದಕ್ಕೆ ಎರಡು ವಾರ ಮೊದಲು ಅಂಕೋಲದ ಶಿರೂರು. ಟಿವಿಯಲ್ಲಿ ಇದನ್ನೆಲ್ಲ ನೋಡಿದ ಅಮ್ಮನಿಗೆ ‘ಏನೂ ಆಗಲ್ಲ’ ಎಂದರೆ ನಂಬಲು ಅವರೇನು ಮಗುವೇ? ಅವರ ಎಚ್ಚರ ಪೂರ್ತಿ ರೋಗವಲ್ಲ. ಹದ ಮೀರಿದ ಎಚ್ಚರ. ಚಿಕಿತ್ಸೆಯ ಗುರಿ ಅದನ್ನು ಅಳಿಸುವುದಲ್ಲ, ಯಾವ ಮಳೆಗೆ ಏಳಬೇಕು, ಯಾವ ಮಳೆಗೆ ಮಗ್ಗುಲು ಬದಲಿಸಿ ಮಲಗಬೇಕು ಎಂಬ ವಿವೇಚನೆಯನ್ನು ಮೈಗೆ ಮರಳಿಸುವುದು.

ಕೊಡಗಿನವರಿಗೆ ಇದಕ್ಕೊಂದು ಸಾಧನ ಮನೆಯಲ್ಲೇ ಇದೆ. ತೋಟದವರು ಮಳೆಮಾಪಕ ಇಟ್ಟು, ಬೆಳಿಗ್ಗೆ ಎದ್ದು ಅಳೆದು, ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ಬಂದದ್ದು. ಅಮ್ಮನಿಗೆ ಒಂದು ಮಾಪಕ ಕೊಡಿಸಿ, ಆ ಕೆಲಸವನ್ನು ಅವರಿಗೇ ಬಿಡಿ. ನೀವು, ತಮ್ಮ, ಪಕ್ಕದ ಮನೆಯವರು ಕೂತು ಮಾತಾಡಿಕೊಳ್ಳಿ: ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ, ಅಥವಾ ಸತತ ಮಳೆಯಲ್ಲಿ ನೆಲ ಬಿರುಕು ಬಿಟ್ಟರೆ, ಚಿಲುಮೆ ಇಲ್ಲದ ಕಡೆ ಕೆಂಪು ನೀರು ಉಕ್ಕಿದರೆ, ಹಗಲಲ್ಲೇ ಯಾರ ಮನೆಗೆ, ಯಾರ ಗಾಡಿಯಲ್ಲಿ ಹೋಗುವುದು. ಹೋಗುವ ದಿನ ಯಾವುದು ಎಂದು ಗೊತ್ತಾದರೆ ಹೋಗಬೇಕಿಲ್ಲದ ರಾತ್ರಿಗಳೂ ಗೊತ್ತಾಗುತ್ತವೆ. ಬಾಗಿಲ ಹತ್ತಿರದ ಬ್ಯಾಗನ್ನು ತೆಗೆಸಬೇಡಿ. ಅದರಲ್ಲಿ ಟಾರ್ಚ್, ಮಾತ್ರೆ, ಆಧಾರ್, ಪಹಣಿ ಎಲ್ಲ ಸರಿಯಾಗಿದೆಯೇ ಎಂದು ಅವರ ಜೊತೆ ಕೂತು ಜೋಡಿಸಿ, ಜಿಪ್ ಹಾಕಿ. ಮಲಗಲು ಹೋಗುವ ಮುನ್ನ ಆ ಜಿಪ್ಪನ್ನು ಒಮ್ಮೆ ಮುಟ್ಟಿ ನೋಡುವುದು, ಆಮೇಲೆ ಹಾಸಿಗೆಯಲ್ಲಿ ಕೂತು ಪಾದ ನೆಲಕ್ಕೊತ್ತಿ ಎರಡು ನಿಮಿಷ ಗುಂಯ್‌ಗುಡುವುದು. ಮೈಯ ಮೂಲಕ ಮಾಡುವ ಚಿಕಿತ್ಸೆಯ ಮನೆಪಾಠ ಇಷ್ಟೇ ಸಾಧಾರಣವಾಗಿರುತ್ತದೆ.

ಹಗಲಿನ ಕೆಲಸವನ್ನೂ ಕಿತ್ತುಕೊಳ್ಳಬೇಡಿ. ಪರಿಹಾರ ಕೇಂದ್ರಗಳಲ್ಲಿ ಅಡುಗೆಗೆ, ಮಕ್ಕಳನ್ನು ನೋಡಿಕೊಳ್ಳಲು ಕೈಹಾಕಿದ ಹೆಂಗಸರು, ಚಾಪೆಯ ಮೇಲೆ ಸುಮ್ಮನೆ ಕೂರಿಸಲ್ಪಟ್ಟವರಿಗಿಂತ ಬೇಗ ಚೇತರಿಸಿಕೊಳ್ಳುವುದನ್ನು ಕಂಡಿದ್ದೇನೆ. ‘ನೀವು ರೆಸ್ಟ್ ತಗೊಳ್ಳಿ’ ಎಂಬುದು ಪ್ರೀತಿಯ ಮಾತೇ, ಆದರೆ ಆಘಾತಕ್ಕೊಳಗಾದ ಮೈಗೆ ಅದು ಒಳ್ಳೆಯ ಸಲಹೆಯಲ್ಲ.

ಯಾರ ಹತ್ತಿರ ಹೋಗಬೇಕು? ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಆಗಿಲ್ಲವಾದರೆ ಮಾಡಿಸಿ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ. ಆಮೇಲೆ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ, ಕೇಳಲು ಸಂಕೋಚ ಬೇಡ. ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್‌ನ ಪೂರ್ಣ ತರಬೇತಿ ಸುಮಾರು 3 ವರ್ಷ ಹಂತಹಂತವಾಗಿ ನಡೆಯುವಂಥದ್ದು, ವಾರಾಂತ್ಯದ ಸರ್ಟಿಫಿಕೇಟ್ ಹಿಡಿದು ಬಂದವರಿಗೂ ಅವರಿಗೂ ಅಜಗಜಾಂತರ. ಮುಟ್ಟಿ ಮಾಡುವ ಪದ್ಧತಿಯಾದರೆ ಪ್ರತಿ ಸಲವೂ ಅಮ್ಮನನ್ನು ಕೇಳಿಯೇ ಮುಟ್ಟಬೇಕು, ಬೇಡ ಎಂದರೆ ಅಲ್ಲಿಗೆ ಮುಗಿಯಬೇಕು. ಐದಾರು ಭೇಟಿಗಳಲ್ಲಿ ನಿದ್ದೆಯಲ್ಲೋ ಎದೆಬಡಿತದಲ್ಲೋ ಸ್ವಲ್ಪವೂ ಬದಲಾವಣೆ ಕಾಣದಿದ್ದರೆ ದಾರಿ ಬದಲಿಸಿ. ಹಣಕಾಸಿನ ತೊಂದರೆ ಇದ್ದರೆ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ತೊಂದರೆಗಳಿಗೆಂದೇ ನಡೆಯುವ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಮ್ಮ ಬದುಕೇ ಬೇಡ ಎಂಬ ಮಾತಾಡಿದರೆ, ಊಟ ಬಿಟ್ಟರೆ, ಮಳೆಗಾಲ ಮುಗಿಯಲಿ ಎಂದು ಕಾಯಬೇಡಿ. ಹಾಗೇನಿಲ್ಲದಿದ್ದರೆ ಚಿಕಿತ್ಸೆ ಶುರುಮಾಡಲು ಒಳ್ಳೆಯ ಕಾಲ ಬೇಸಿಗೆ, ಮೈ ಸ್ವಲ್ಪ ತಣ್ಣಗಿದ್ದಾಗ ಕಲಿತದ್ದು ಜೂನ್‌ನಲ್ಲಿ ಕೈಗೆ ಸಿಗುತ್ತದೆ.

ಕೊನೆಗೆ ಮಾತ್ರೆ. ನೀವು ಹೆಸರು ಬರೆದಿಲ್ಲ, ಮೆಡಿಕಲ್ ಶಾಪಿನಿಂದ ಹೀಗೆ ತರಿಸುವುದು ಹೆಚ್ಚಾಗಿ ಅಲ್ಪ್ರಜೋಲಾಂ ಜಾತಿಯದ್ದು. ಆಘಾತದ ತೊಂದರೆಗೆ ಅದು ಮದ್ದಲ್ಲ. ವಯಸ್ಸಾದವರು ರಾತ್ರಿ ಬಾತ್‌ರೂಮಿಗೆ ಎದ್ದಾಗ ಜೋಲಿ ಹೊಡೆದು ಬೀಳುತ್ತಾರೆ, ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಎಚ್ಚರವಾಗಿರಲೇಬೇಕು ಎಂದುಕೊಂಡವರಿಗೆ ಮಂಪರು ಬರಿಸಿದರೆ ಒಳಗಿನ ಗಾಬರಿ ಹೆಚ್ಚುತ್ತದೆಯೇ ವಿನಾ ಇಳಿಯುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಬೇಡಿ, ಹಾಗೆ ನಿಲ್ಲಿಸಿದರೆ ನಿದ್ದೆ ಇನ್ನೂ ಕೆಡುತ್ತದೆ, ಬಹಳ ದಿನದಿಂದ ತಗೊಳ್ಳುತ್ತಿದ್ದವರಿಗೆ ಫಿಟ್ಸ್ ಕೂಡ ಬರಬಹುದು. ವಾರಗಟ್ಟಲೆ ಸಮಯ ತೆಗೆದುಕೊಂಡು, ವೈದ್ಯರು ಹೇಳಿದಂತೆ ಇಳಿಸಿಕೊಂಡು ಬರಬೇಕು. ಮೊದಲ ಭೇಟಿಗೆ ಹೋಗುವಾಗ ಖಾಲಿ ಸ್ಟ್ರಿಪ್ ಜೊತೆಗಿರಲಿ, ಯಾವಾಗಿನಿಂದ, ದಿನಕ್ಕೆ ಎಷ್ಟು ಎಂದು ಅಮ್ಮನನ್ನು ಗದರದೆ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.